ಗೇಣು ಮಣ್ಣು, ಎರಡಡಿ ಗುಂಡಿ

ಹಸಿರು ಕ್ರೆಡಿಟ್ ಕಾರ್ಯಕ್ರಮದ ವಿಧಾನಕ್ಕೆ ಕೇಂದ್ರ ಪರಿಸರ ಸಚಿವಾಲಯ 2025ರ ಆಗಸ್ಟ್‌ನಲ್ಲಿ ತಂದ ಬದಲಾವಣೆಯನ್ನು ಹೊಗಳುವವರು ಇನ್ನೂ ಸುಮ್ಮನಾಗಿಲ್ಲ. ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಸಾಲದು, ಐದು ವರ್ಷ ಸಾಕಿ ತೋರಿಸಬೇಕು. ನೆಲದ ಮೇಲೆ ಕನಿಷ್ಠ ಶೇ 40ರಷ್ಟು ಮರಗಳ ಹಂದರ ಇರಬೇಕು. ಆಮೇಲಷ್ಟೇ ಬದುಕುಳಿದ ಮರಕ್ಕೊಂದರಂತೆ ಕ್ರೆಡಿಟ್. ಇದಕ್ಕಿಂತ ಬಿಗಿ ಇನ್ನೇನು ಬೇಕು ಎಂದು ಕೇಳುವವರಿದ್ದಾರೆ.

ಬೇಕಿರುವುದು ಮಣ್ಣಿನ ಆಳದ ಅಳತೆ. ಅದಕ್ಕೊಂದು ಮಿತಿ ಹಾಕದ ನಿಯಮ ಎಷ್ಟೇ ಬಿಗಿಯಾಗಿರಲಿ, ಬಯಲುಸೀಮೆಯ ಗರಸು ನೆಲಕ್ಕೆ ಅದರಿಂದ ಕೇಡೇ ಹೆಚ್ಚು. ಚಳ್ಳಕೆರೆ, ಮೊಳಕಾಲ್ಮುರು, ಪಾವಗಡ, ಶಿರಾ ಸೀಮೆಯ ತೆಳುಮಣ್ಣಿನ ಕಾವಲು, ಗೋಮಾಳಗಳನ್ನು ಈ ಯೋಜನೆಯಿಂದ ಪೂರ್ತಿ ಹೊರಗಿಡಬೇಕು ಎಂಬುದು ನನ್ನ ವಾದ. ಕಾರಣ ಭಾವುಕತೆಯಲ್ಲ, ಕೂಡಿ ಕಳೆಯುವ ಲೆಕ್ಕ.

ಆ ಲೆಕ್ಕ ಕಷ್ಟದ್ದೇನೂ ಅಲ್ಲ, ಯಾರೂ ಮಾಡುವುದಿಲ್ಲ ಅಷ್ಟೆ. ಮಣ್ಣಿನ ಆಳ ಒಂದು ಗೇಣು, ಅಂದರೆ ಹೆಚ್ಚುಕಡಿಮೆ 25 ಸೆಂ.ಮೀ. ಎಂದಿಟ್ಟುಕೊಳ್ಳಿ. ಕೆಳಗೆ ಕೊಳೆತ ಬಂಡೆ. ಆ ಗೇಣಿನಲ್ಲೂ ಅರ್ಧ ಪಾಲು ಬೆಣಚುಕಲ್ಲು, ಗರಸು; ಅದು ನೀರು ಹಿಡಿಯುವುದಿಲ್ಲ. ಜರಡಿ ಆಡಿದರೆ ಕೆಳಗೆ ಬೀಳುವ ಕೆಂಪು ಮಣ್ಣು ಮಾತ್ರ ಹಿಡಿದೀತು. ಅದು ಬೇರಿಗೆ ದಕ್ಕುವ ನೀರನ್ನು ಮೀಟರ್ ಆಳಕ್ಕೆ 120 ಮಿ.ಮೀ. ಹಿಡಿಯುತ್ತದೆಂದು ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಗೇಣಿಗೆ 30 ಮಿ.ಮೀ. ಆಯಿತು. ಕಲ್ಲಿನ ಪಾಲು ಕಳೆದರೆ 15. ಈ ನೆಲದ ದಾಸ್ತಾನು ಇಷ್ಟೇ. ಒಂದೇ ರಾತ್ರಿ 100 ಮಿ.ಮೀ. ಮಳೆ ಸುರಿದರೂ ಈ ಮಣ್ಣಿನಲ್ಲಿ ಉಳಿಯುವುದು ಆ 15 ಮಾತ್ರ. ಮಿಕ್ಕಿದ್ದು ಕೊರಕಲು ಹಿಡಿದು ಹಳ್ಳ ಸೇರುತ್ತದೆ, ಇಲ್ಲವೇ ಬಂಡೆಯ ಬಿರುಕಿಗೆ ಇಳಿಯುತ್ತದೆ.

ಹೆಕ್ಟೇರಿಗೆ 15 ಮಿ.ಮೀ. ಅಂದರೆ ಒಂದೂವರೆ ಲಕ್ಷ ಲೀಟರ್. ಕೇಳಲು ದೊಡ್ಡದು. ಶೇ 40ರ ಹಂದರ ಎಂದರೆ ಹೆಕ್ಟೇರಿಗೆ 4,000 ಚದರ ಮೀಟರ್ ಎಲೆಯ ಹೊದಿಕೆ. ದಿನಕ್ಕೆ 4 ಮಿ.ಮೀ.ನಷ್ಟು ನೀರು ಆವಿಯಾಗುತ್ತದೆ ಎಂದರೂ (ಮಾರ್ಚ್-ಏಪ್ರಿಲ್ ಬಿಸಿಲಿಗೆ ಇದು ತೀರಾ ಕಡಿಮೆ) ಮರಗಳು ದಿನಕ್ಕೆ 16,000 ಲೀಟರ್ ಕೇಳುತ್ತವೆ. ಒಂಬತ್ತು ದಿನಕ್ಕೆ ದಾಸ್ತಾನು ಬರಿದು. ಮರಗಳ ನಡುವಿನ ಬಯಲಿನಿಂದ ಆರುವ ನೀರನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಚಳ್ಳಕೆರೆಯಲ್ಲಿ ಎರಡು ಹದ ಮಳೆಯ ನಡುವೆ ಮಳೆಗಾಲದಲ್ಲೇ ಒಂಬತ್ತಕ್ಕಿಂತ ಹೆಚ್ಚು ದಿನ ಹೋಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಂತೂ ಲೆಕ್ಕಕ್ಕಿಡುವಂಥ ಮಳೆಯೇ ಇಲ್ಲ.

ಅದೇ ಜಿಲ್ಲೆಯ ಎರೆಹೊಲದಲ್ಲಿ ಮೀಟರ್ ಆಳದ ಮಣ್ಣು 200 ಮಿ.ಮೀ. ಹತ್ತಿರ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಕಡಲೆ ಆ ತೇವದಲ್ಲೇ ಬರುತ್ತದೆ. ಒಂದೇ ಮಳೆ ಬಿದ್ದರೂ ಎರಡು ನೆಲಗಳ ನಡುವೆ ಹದಿಮೂರು ಪಟ್ಟು ಅಂತರ. ಬಯಲುಸೀಮೆಯ ಬಗ್ಗೆ ಬರೆಯುವವರೆಲ್ಲ 500 ಮಿ.ಮೀ. ಮಳೆ ಎಂದು ಶುರು ಮಾಡುತ್ತಾರೆ. ಮಳೆ ಎಷ್ಟು ಬಿತ್ತು ಎನ್ನುವುದನ್ನು ಮಳೆಮಾಪಕ ಹೇಳುತ್ತದೆ. ಎಷ್ಟು ನಿಂತಿತು ಎಂದು ತಿಳಿಯಲು ಗುದ್ದಲಿ ಬೇಕು.

ಹಾಗಾದರೆ ಇದು ನಿಷ್ಪ್ರಯೋಜಕ ನೆಲವೇ? ಇಲ್ಲಿಯೇ ನಮ್ಮ ಯೋಜನೆಗಾರರು ಎಡವುವುದು. ಮರಕ್ಕೆ ಶತ್ರುವಾದ ಈ ಗರಸು ಹುಲ್ಲಿಗೆ ನೆಂಟ. ಹತ್ತು ಮಿಲಿಮೀಟರಿನ ಸಣ್ಣ ಮಳೆ ಕಲ್ಲಿಲ್ಲದ ಮಣ್ಣಿನಲ್ಲಿ ಎಂಟು ಸೆಂ.ಮೀ. ಆಳಕ್ಕೆ ಇಳಿದರೆ, ಅರ್ಧ ಕಲ್ಲಿರುವ ಮಣ್ಣಿನಲ್ಲಿ ಅದರ ಎರಡರಷ್ಟು ಇಳಿಯುತ್ತದೆ. ಬಿಸಿಲು ಎಳೆದುಕೊಳ್ಳುವ ಪದರದಿಂದ ಪಾರಾಗಿ, ಹುಲ್ಲಿನ ಬೇರಿರುವ ಕಡೆಯೇ ನೀರು ನಿಲ್ಲುತ್ತದೆ. ಮೇಲೆ ಹರಡಿಕೊಂಡ ಬೆಣಚುಕಲ್ಲು ಹನಿಯ ಹೊಡೆತವನ್ನು ತಾನು ತಿಂದು ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ, ತೇವ ಆರುವುದನ್ನೂ ನಿಧಾನಿಸುತ್ತದೆ. ಕರಡ, ಬಾದೆ ಹುಲ್ಲುಗಳು ಮಳೆ ಬಿದ್ದಾಗ ಚಿಗುರಿ, ಬೀಜ ಕಟ್ಟಿ, ಬೇಸಿಗೆಯಲ್ಲಿ ಬುಡ ಮಾತ್ರ ಉಳಿಸಿಕೊಂಡು ಮಲಗಿಬಿಡುತ್ತವೆ. ಒಂಬತ್ತು ದಿನದ ದಾಸ್ತಾನಿನಲ್ಲಿ ಸಂಸಾರ ನಡೆಸುವುದು ಅವಕ್ಕೆ ಗೊತ್ತು. ಚಳ್ಳಕೆರೆಯ ಕಂಬಳಿಯ ಕುರಿ, ಮ್ಯಾಸನಾಯಕರ ದೇವರ ಎತ್ತು, ಅಮೃತಮಹಲ್ ರಾಸು ಇವೆಲ್ಲ ಮೇದು ಬೆಳೆದದ್ದು ಈ ‘ಬಂಜರಿ’ನಲ್ಲೇ.

ಗುಂಡಿ ತೋಡುವ ದಿನ ಹೋಗಿ ನೋಡಿ. ಗುದ್ದಲಿಯ ಮೊದಲ ಎರಡು ಏಟಿಗೆ ಹುಲ್ಲಿನ ಬೇರು ಹೆಣೆದುಕೊಂಡ ಕೆಂಪು ಮಣ್ಣು ಏಳುತ್ತದೆ. ಮೂರನೆಯದಕ್ಕೆ ಠಣ್ ಎನ್ನುತ್ತದೆ. ಆಮೇಲೆ ಹಾರೆ, ಅದಕ್ಕೂ ಬಗ್ಗದಿದ್ದರೆ ಜೆಸಿಬಿ. ಎರಡಡಿ ಆಳ ಆಗಲೇಬೇಕು, ಬಿಲ್ಲು ಆಗುವುದು ಅಳತೆಗೆ. ಆ ಹೊತ್ತಿಗೆ ಮೇಲಿನ ಗೇಣು ಮಣ್ಣು ತಳಕ್ಕೆ ಹೋಗಿ, ತಳದ ಮೊರಂ ಮೇಲೆ ಗುಡ್ಡೆಯಾಗಿರುತ್ತದೆ. ಅದರ ಮೇಲೆ ಬೇಗ ಹುಲ್ಲು ಹುಟ್ಟುವುದಿಲ್ಲ. ಕಂದಕದ ಸಾಲುಗಳು ಎಷ್ಟೋ ವರ್ಷ ಬಿಳಿಚಿಕೊಂಡೇ ಇರುತ್ತವೆ. ಒಂದು ಸೆಂಟಿಮೀಟರ್ ಮಣ್ಣಾಗಲು ನೂರಾರು ವರ್ಷ ಹಿಡಿಯುವ ನೆಲದಲ್ಲಿ ಇದು ಅರ್ಧ ದಿನದ ಕೆಲಸ.

ಟ್ಯಾಂಕರ್ ನೀರು ಹಾಕುತ್ತೇವೆ ಎನ್ನುತ್ತಾರೆ. ಇದೇ ಕಾರ್ಯಕ್ರಮದ 2024ರ ಫೆಬ್ರುವರಿಯ ಅಧಿಸೂಚನೆ ಹೆಕ್ಟೇರಿಗೆ ಕನಿಷ್ಠ 1,100 ಮರ ಎಂದಿತ್ತು. ಗಿಡಕ್ಕೆ ವಾರಕ್ಕೆ ಹತ್ತೇ ಲೀಟರ್ ಎಂದರೂ ಹೆಕ್ಟೇರಿಗೆ 11,000 ಲೀಟರ್, ಎರಡು ಟ್ಯಾಂಕರ್. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರುಗಳ ಪಕ್ಕದಲ್ಲಿ ಈ ಮಾತು ಹೇಳಲು ಧೈರ್ಯ ಬೇಕು.

ಒಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ. ಗರಸು ನೆಲದಲ್ಲಿ ಮರವೇ ಇಲ್ಲವೇ, ಕಮರ, ತುಗ್ಗಲಿ ನಿಂತಿಲ್ಲವೇ ಎಂಬುದು. ನಿಂತಿವೆ. ಕಮರದ ತಾಯಿಬೇರು ಬಂಡೆಯ ಬಿರುಕು ಹುಡುಕಿಕೊಂಡು ಇಳಿಯುತ್ತದೆ. ಬಿರುಕು ಸಿಕ್ಕಲ್ಲಿ ಮರ, ಸಿಗದಲ್ಲಿ ಹುಲ್ಲು. ಹಾಗಾಗಿಯೇ ಅವು ಅಲ್ಲೊಂದು ಇಲ್ಲೊಂದು ನಿಂತಿರುವುದು, ಆಳೆತ್ತರಕ್ಕೆ ಬರಲು ವರ್ಷಗಟ್ಟಲೆ ತೆಗೆದುಕೊಳ್ಳುವುದು. ಮೂರು ಮೀಟರಿಗೊಂದರಂತೆ ದಾರ ಕಟ್ಟಿ ನೆಟ್ಟರೆ ಪ್ರತಿ ಗುಂಡಿಯ ಕೆಳಗೂ ಬಿರುಕು ಕಾದಿರುವುದಿಲ್ಲ. ಐದು ವರ್ಷದಲ್ಲಿ ಶೇ 40 ಹಂದರ ಕಟ್ಟಿ ತೋರಿಸಲೇಬೇಕೆಂದರೆ ಗುತ್ತಿಗೆದಾರ ಕಮರವನ್ನು ಮುಟ್ಟುವುದೂ ಇಲ್ಲ. ಬೇಗ ಬೆಳೆಯುವ, ದನ ಮೂಸದ ಜಾತಿಯನ್ನೇ ತರುತ್ತಾನೆ. ಬಳ್ಳಾರಿ ಜಾಲಿ ಬಯಲುಸೀಮೆಗೆ ಏನು ಮಾಡಿದೆ ಎಂದು ಓದುಗರಿಗೆ ಹೇಳಬೇಕಿಲ್ಲ. ನಿಯಮವನ್ನು ಬಿಗಿಗೊಳಿಸಿದೆವು ಎಂದುಕೊಂಡವರು ಅಂಥ ಮರಕ್ಕೇ ಬಹುಮಾನ ಇಟ್ಟಿದ್ದಾರೆ.

ಈ ದಾರಿಯಲ್ಲಿ ನಾವು ಒಮ್ಮೆ ನಡೆದು ಬಂದವರು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟಿದಾಗ ಅದರ ನೀಲಗಿರಿ ತೋಪಿಗೆಂದು ಗುರುತಿಸಿದ್ದು ‘ಸಿ’ ಮತ್ತು ‘ಡಿ’ ದರ್ಜೆಯ ಜಮೀನು, 30,000 ಹೆಕ್ಟೇರ್. ಕಡತದಲ್ಲಿ ಪಾಳು, ಊರಿನವರಿಗೆ ಮೇವು-ಸೌದೆಯ ಆಸರೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಉಪಯೋಗದ ಗಿಡ ನೆಟ್ಟ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ, ಸುಪ್ರೀಂ ಕೋರ್ಟಿಗೆ ಶಿವರಾಮ ಕಾರಂತರು ಹೋದದ್ದು, 1991ರಲ್ಲಿ ಕಂಪನಿ ಮುಚ್ಚಿದ್ದು ಎಲ್ಲ ಈಗ ಇತಿಹಾಸ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಹುಲ್ಲುಬಯಲಿಗೂ ನೀಲಗಿರಿ ನುಗ್ಗಿತು. ಅಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ ಎರ್ಲಡ್ಡು ಹಕ್ಕಿ ಈಗಿಲ್ಲ. ಆಗ ಮರ ಬೇಕಿದ್ದುದು ಕಾಗದ, ನೂಲಿನ ತಿರುಳಿಗೆ. ಈಗ ಕ್ರೆಡಿಟ್ಟಿನ ಲೆಕ್ಕಕ್ಕೆ. ನೆಲ ಮಾತ್ರ ಅದೇ.

ಕಡತದ ಆ ಪಾಳು ಎಂಬ ಹಣೆಪಟ್ಟಿ ಇನ್ನೂ ಹೋಗಿಲ್ಲ. ಕೇಂದ್ರದ 2019ರ ಬಂಜರು ಭೂಮಿ ಅಟ್ಲಾಸ್ ದೇಶದ 5.57 ಕೋಟಿ ಹೆಕ್ಟೇರನ್ನು, ಶೇ 17ರ ಹತ್ತಿರ, ಬಂಜರು ಎಂದು ಪಟ್ಟಿ ಮಾಡಿದೆ. ಕುರುಚಲು ಬಯಲೂ ಅದರಲ್ಲಿ ಸೇರಿದೆ. ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣೆ, ವಿಜ್ಞಾನ, ಕೈಗಾರಿಕೆಗೆಂದು ಹಂಚಿದಾಗಲೂ ಆಡಿದ ಮಾತು ಇದೇ: ಖಾಲಿ ಜಾಗ. ಇತ್ತ 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಎಂದು ಸಾರಿದೆ. ಭಾಷಣಗಳಿಗೆ ಕೊರತೆ ಆಗದು.

ಕಾವಲುಗಳು ಚೆನ್ನಾಗಿವೆ ಎಂದು ನಾನು ಹೇಳುತ್ತಿಲ್ಲ. ಮೇಯಿಸುವ ಜಾಗ ಕಡಿಮೆಯಾದಷ್ಟೂ ಉಳಿದದ್ದರ ಮೇಲೆ ಕುರಿ-ದನದ ತುಳಿತ ಹೆಚ್ಚಿದೆ. ಹಲವೆಡೆ ಹುಲ್ಲಿನ ಬುಡವೇ ಸತ್ತು ಕಲ್ಲು ತೇಲಿದೆ. ಅದಕ್ಕೆ ಮದ್ದು ಪಾಳಿಯ ಮೇಲೆ ಕಾವಲು ಬಿಡುವುದು, ಜಾಲಿ ಕೀಳುವುದು, ಸ್ಥಳೀಯ ಹುಲ್ಲಿನ ಬೀಜ ಚೆಲ್ಲುವುದು, ಕುರಿಗಾರರನ್ನೂ ಕಿಲಾರಿಗಳನ್ನೂ ಕೂರಿಸಿಕೊಂಡು ಮೇವಿನ ಲೆಕ್ಕ ಹಾಕುವುದು. ಇದರಲ್ಲಿ ಯಾವುದಕ್ಕೂ ಜೆಸಿಬಿ ಬೇಡ. ಮರಕ್ಕೊಂದರಂತೆ ಎಣಿಸುವ ಪದ್ಧತಿಯಲ್ಲಿ ಯಾವುದಕ್ಕೂ ಕ್ರೆಡಿಟ್ಟೂ ಇಲ್ಲ.

ರಾಜ್ಯ ಸರ್ಕಾರ ದೆಹಲಿಯನ್ನು ಕಾಯಬೇಕಿಲ್ಲ. ಮಣ್ಣು 50 ಸೆಂ.ಮೀ.ಗಿಂತ ತೆಳುವಾಗಿ, ಗರಸು ಶೇ 35 ದಾಟಿದ ಯಾವ ಸರ್ವೆ ನಂಬರಿನಲ್ಲೂ ನೆಡುತೋಪಿಗೆ ಅನುಮತಿ ಇಲ್ಲ ಎಂದು ಒಂದು ಸುತ್ತೋಲೆ ಹೊರಡಿಸಲಿ. ಆಳ, ಗರಸಿನ ಪ್ರಮಾಣ, ನೀರು ಹಿಡಿಯುವ ಶಕ್ತಿ ಮೂರನ್ನೂ ಸರ್ವೆ ನಂಬರಿನ ಮಟ್ಟದಲ್ಲಿ ತೋರಿಸುವ ನಕ್ಷೆಗಳನ್ನು ಸುಜಲಾ-3 ಯೋಜನೆಯಲ್ಲಿ ಹನ್ನೊಂದು ಜಿಲ್ಲೆಗಳ ಸಾವಿರಾರು ಕಿರುಜಲಾನಯನಗಳಿಗೆ ಮಾಡಿಸಿಯಾಗಿದೆ. ಹಣ ಕೊಟ್ಟು ಮಾಡಿಸಿದ ಆ ನಕ್ಷೆಗಳು ಜಲಾನಯನ ಇಲಾಖೆಯಲ್ಲೇ ಇವೆ.