ನಮ್ಮ ನಿಮ್ಮ ಮಾತು: ಯುದ್ಧ ತಿರುಗಿದ ವರ್ಷ



ಎರಡನೆಯ ಮಹಾಯುದ್ಧದ ಮುಖ್ಯ ತಿರುವುಗಳನ್ನು ಕುರಿತು ಈ ಅಂಕಣದಲ್ಲಿ ಬರೆಯಬೇಕೆಂದು, ಶಾಲೆಗೆ ಹೋಗುವ ಮಕ್ಕಳಿರುವ ಕೆಲವು ಸದಸ್ಯರು ಕೇಳಿದ್ದಾರೆ. ಮಕ್ಕಳ ಪಠ್ಯಪುಸ್ತಕದಲ್ಲಿ ಆ ಪಟ್ಟಿ ಇದ್ದೇ ಇದೆ: ಸ್ಟಾಲಿನ್‌ಗ್ರಾಡ್, ಎಲ್ ಅಲಮೇನ್, ಮಿಡ್‌ವೇ, ನಾರ್ಮಂಡಿ. ಅದನ್ನೇ ನಾವಿಲ್ಲಿ ನಕಲು ಮಾಡಿದರೆ ಕಾಗದಕ್ಕೂ ಮಸಿಗೂ ದಂಡ. ಅಲ್ ಸದ್ದ್‌ನಲ್ಲಿ ಮನೆ ಮಾಡಿಕೊಂಡು, ಊರೆಂದರೆ ಬೆಂಗಳೂರೋ ಮಂಗಳೂರೋ ಧಾರವಾಡವೋ ಎನ್ನುವ ನಮ್ಮಂಥವರಿಗೆ ಆ ಪಟ್ಟಿ ಎಲ್ಲಿ ತಾಗುತ್ತದೆ ಎಂಬುದನ್ನಷ್ಟೇ ನೋಡೋಣ. ಬಹಳ ಹುಡುಕಬೇಕಾಗಿಲ್ಲ. ಅದು ತಾಗುವುದು ಒಂದೇ ವರ್ಷದಲ್ಲಿ, 1942ರಲ್ಲಿ.

ಆ ವರ್ಷದ ಮೊದಲ ತಿಂಗಳುಗಳನ್ನು ನೆನೆಸಿಕೊಳ್ಳಿ. ಫೆಬ್ರವರಿ 15ರಂದು ಸಿಂಗಪುರ ಜಪಾನೀಯರಿಗೆ ಶರಣಾಯಿತು. ಮಾರ್ಚ್ 8ರಂದು ರಂಗೂನು ಬಿತ್ತು. ಅದೇ ತಿಂಗಳು ಅಂಡಮಾನ್ ದ್ವೀಪಗಳೂ ಹೋದವು. ಏಪ್ರಿಲ್ 5ರಂದು ಕೊಲಂಬೋ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಬಿತ್ತು. ಮದರಾಸಿನಲ್ಲಿ ಜನ ಗಂಟುಮೂಟೆ ಕಟ್ಟಿದರು. ಪಶ್ಚಿಮದಲ್ಲಿ ಜರ್ಮನರ ಜನರಲ್ ರೊಮೆಲ್ ಈಜಿಪ್ಟಿನೊಳಕ್ಕೆ ನುಗ್ಗಿ, ಅಲೆಕ್ಸಾಂಡ್ರಿಯಾಕ್ಕೆ ಸುಮಾರು 100 ಕಿಲೋಮೀಟರ್ ದೂರದ ಎಲ್ ಅಲಮೇನ್‌ವರೆಗೆ ಬಂದಿದ್ದ. ಉತ್ತರದಲ್ಲಿ ಹಿಟ್ಲರನ ಇನ್ನೊಂದು ಸೈನ್ಯ ಬಾಕುವಿನ ಎಣ್ಣೆಯ ಮೇಲೆ ಕಣ್ಣಿಟ್ಟು ಕಾಕಸಸ್ ಬೆಟ್ಟಗಳ ಕಡೆ ಸಾಗಿತ್ತು.

ಭೂಪಟವೊಂದನ್ನು ಮುಂದಿಟ್ಟುಕೊಂಡು ಪೂರ್ವದಿಂದೊಂದು, ಪಶ್ಚಿಮದಿಂದೊಂದು, ಉತ್ತರದಿಂದೊಂದು ಗೆರೆ ಎಳೆದು ನೋಡಿ. ಮೂರೂ ಕೂಡುವುದಿದ್ದರೆ ನಾವಿರುವ ಈ ಕೊಲ್ಲಿಯ ಸುತ್ತಮುತ್ತಲೇ. ಇದು ಬರಿಯ ಊಹೆಯಲ್ಲ. 1940ರ ಅಕ್ಟೋಬರಿನಲ್ಲೇ ಇಟಲಿಯ ವಿಮಾನಗಳು ಬಹರೇನಿನ ಎಣ್ಣೆ ಶುದ್ಧೀಕರಣ ಕಾರ್ಖಾನೆಯನ್ನು ಗುರಿಯಾಗಿಸಿ ಬಾಂಬು ಹಾಕಿ ಹೋಗಿದ್ದವು. ಹೆಚ್ಚು ಹಾನಿಯಾಗಲಿಲ್ಲ, ಆದರೆ ಭಯ ಉಳಿಯಿತು.

ಇನ್ನು ಕತಾರಿನ ಕಥೆ. ಮುತ್ತೇ ಈ ನಾಡಿನ ಅನ್ನ. ಇಲ್ಲಿನ ಮುತ್ತು ಹೆಚ್ಚಾಗಿ ನಮ್ಮ ಮುಂಬಯಿ ಮಾರುಕಟ್ಟೆಗೇ ಹೋಗುತ್ತಿತ್ತು. ಜಪಾನೀಯರು ಬೆಳೆಸಿದ ಮುತ್ತು ಪೇಟೆಗೆ ಬಂದು, ಅದರ ಬೆನ್ನಿಗೇ 1929ರ ಜಾಗತಿಕ ಆರ್ಥಿಕ ಕುಸಿತವೂ ಬಂದ ಮೇಲೆ ಆ ಕಸುಬು ನೆಲಕಚ್ಚಿತು. 1935ರಲ್ಲಿ ಶೇಖ್ ಅಬ್ದುಲ್ಲಾ ಬಿನ್ ಜಾಸಿಮ್ ಅಲ್ ಥಾನಿಯವರು ಎಣ್ಣೆ ಹುಡುಕುವ ಒಪ್ಪಂದಕ್ಕೆ ಸಹಿ ಹಾಕಿದರು. 1938ರಲ್ಲಿ, ಇಲ್ಲಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ದೂರದ ದುಖಾನ್‌ನಲ್ಲಿ ಮೊದಲ ಬಾವಿ ಕೊರೆಯಲು ಆರಂಭವಾಯಿತು. 1940 ಬರುವಷ್ಟರಲ್ಲಿ ಎಣ್ಣೆ ಇರುವುದು ಖಚಿತವಾಯಿತು. ಹಸಿದವನ ಮುಂದೆ ಎಲೆ ಹಾಸಿದಂತಾಯಿತು ಎನ್ನಿ.

ಆದರೆ ಬಡಿಸಲಿಲ್ಲ. 1942ರಲ್ಲಿ, ಶತ್ರುವಿನ ಕೈಗೆ ಸಿಕ್ಕೀತೆಂಬ ಅಂಜಿಕೆಯಿಂದ, ಕೊರೆದಿದ್ದ ಬಾವಿಗಳನ್ನು ಮುಚ್ಚಿಬಿಟ್ಟರು. ಕಂಪನಿಯ ಕೆಲಸ ನಿಂತಿತು. ಮುತ್ತೂ ಇಲ್ಲ, ಎಣ್ಣೆಯೂ ಇಲ್ಲ. ಹಡಗುಗಳೆಲ್ಲ ಯುದ್ಧದ ಚಾಕರಿಯಲ್ಲಿದ್ದ ಮೇಲೆ ಅಕ್ಕಿ, ಸಕ್ಕರೆಗೂ ತತ್ವಾರ. ಎಷ್ಟೋ ಕುಟುಂಬಗಳು ಹೊಟ್ಟೆಪಾಡಿಗೆ ನೆರೆಯ ನಾಡುಗಳಿಗೆ ಹೊರಟುಹೋದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ?

ಅದೇ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲಿ ಏನಾಯಿತು ನೋಡಿ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಬೆಂಬಲದಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದ್ದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಜಪಾನ್ ಬಾಗಿಲಿಗೆ ಬಂದೊಡನೆ, 1942ರಲ್ಲಿ, ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಅದರ ಆಡಳಿತ ಅಮೆರಿಕದ ವಾಯುಸೇನೆಯ ಕೈಗೆ ಹೋಯಿತು. ಕೆಟ್ಟುನಿಂತ ಯುದ್ಧವಿಮಾನಗಳನ್ನು ರಿಪೇರಿ ಮಾಡಲು ಸಾವಿರಾರು ಜನ ಕೆಲಸಕ್ಕೆ ಸೇರಿದರು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು. ಇಂದಿನ ಎಚ್.ಎ.ಎಲ್. ಬೆಳೆದದ್ದು ಈ ಬುಡದಿಂದ. ಒಂದೇ ವರ್ಷ, ಒಂದೇ ಭಯ: ದುಖಾನ್‌ನಲ್ಲಿ ಬಾವಿ ಮುಚ್ಚಿಸಿತು, ಬೆಂಗಳೂರಿನಲ್ಲಿ ಕಾರ್ಖಾನೆ ಬೆಳೆಸಿತು.

ಈಗ ಪಠ್ಯಪುಸ್ತಕದ ತಿರುವುಗಳಿಗೆ ಬರೋಣ. 1942ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ಬಳಿ ಜಪಾನಿನ ನಾಲ್ಕು ವಿಮಾನವಾಹಕ ಹಡಗುಗಳು ಮುಳುಗಿದವು. ಅವುಗಳಲ್ಲಿ ಅಕಾಗಿ, ಸೋರ್ಯು, ಹಿರ್ಯು ಎಂಬ ಮೂರು, ಎರಡು ತಿಂಗಳ ಹಿಂದೆ ಕೊಲಂಬೋ ಮೇಲೆ ವಿಮಾನ ಹಾರಿಸಿದ ಹಡಗುಗಳೇ! ಎಲ್ಲೋ ದೂರದ ಕಡಲಿನಲ್ಲಿ ನಡೆದ ಕಾಳಗ ಹಿಂದೂ ಮಹಾಸಾಗರದ ದಡದವರಿಗೂ ಉಸಿರಾಡಲು ಎಡೆಮಾಡಿತು. ಅಕ್ಟೋಬರ್ 23ರಂದು ಆರಂಭವಾದ ಎಲ್ ಅಲಮೇನ್ ಕದನದಲ್ಲಿ ರೊಮೆಲ್‌ನ ಸೈನ್ಯ ಸೋತು ಹಿಮ್ಮೆಟ್ಟಿತು. ಪೆಟ್ರೋಲ್ ತರುತ್ತಿದ್ದ ಹಡಗುಗಳು ಮುಳುಗಿದ್ದರಿಂದ ಅವನ ಟ್ಯಾಂಕುಗಳಿಗೆ ಹೊಟ್ಟೆಗಿರಲಿಲ್ಲ. ಭಾರತದ 4ನೇ ಡಿವಿಜನ್ ಕೂಡ ಆ ರಣಾಂಗಣದಲ್ಲಿತ್ತು. ನವೆಂಬರ್ 19ರಂದು ಸ್ಟಾಲಿನ್‌ಗ್ರಾಡ್‌ನಲ್ಲಿ ರಷ್ಯನ್ನರ ಪ್ರತಿದಾಳಿ ಆರಂಭವಾಗಿ, 1943ರ ಫೆಬ್ರವರಿ 2ಕ್ಕೆ ಜರ್ಮನರ ಸೈನ್ಯವೊಂದು ಪೂರ್ತಿ ಶರಣಾಯಿತು. ಬಾಕುವಿನ ಎಣ್ಣೆ ಕೈಗೆಟುಕಲಿಲ್ಲ. ಮೂರು ಗೆರೆಗಳೂ ಎಂಟು ತಿಂಗಳೊಳಗೆ ಮುರಿದವು.

ನಾವು ಒತ್ತಿ ಹೇಳಬೇಕೆಂದಿರುವುದು ಇಷ್ಟೇ. ಸೇನಾಪತಿಗಳ ಭೂಪಟದಲ್ಲಿ ತಿರುಗಿದ ಯುದ್ಧ ಜನರ ಅಡುಗೆಮನೆಯಲ್ಲಿ ಅಷ್ಟು ಬೇಗ ತಿರುಗಲಿಲ್ಲ. ಅಪಾಯ ಕಳೆದ ಮೇಲೂ ದುಖಾನ್‌ನ ಬಾವಿಗಳು ಮುಚ್ಚಿಯೇ ಇದ್ದವು. ಕೆಲಸ ಮತ್ತೆ ಆರಂಭವಾದದ್ದು 1947ರಲ್ಲಿ. ಉಮ್ಮ್ ಸಯೀದ್ ಬಂದರಿನಿಂದ ಮೊದಲ ಎಣ್ಣೆ ಹಡಗು ಹೊರಟದ್ದು 1949ರ ಕೊನೆಯಲ್ಲಿ. ಕತಾರಿನ ಪಾಲಿಗೆ ನಿಜವಾದ ತಿರುವು ಅದು! ಭಾರತದಲ್ಲೂ ಹಾಗೆಯೇ. ಬರ್ಮಾದ ಅಕ್ಕಿ ನಿಂತುಹೋದದ್ದು, ಬೆಲೆ ಏರಿದ್ದು, ಆಳುವವರ ಉಪೇಕ್ಷೆ ಎಲ್ಲ ಸೇರಿ 1943ರಲ್ಲಿ, ಅಂದರೆ ಯುದ್ಧ ತಿರುಗಿದ ಮೇಲೆ, ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ನಮ್ಮ ಕಡೆ ಅಕ್ಕಿಗೆ ಪಡಿತರ ಬಂತು. ಅಕ್ಕಿ ಸಿಗದ ಆ ದಿನಗಳಲ್ಲೇ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವೆಂದು ಬೆಂಗಳೂರಿನ ಎಂ.ಟಿ.ಆರ್.ನವರು ಹೇಳುತ್ತಾರೆ. ನಾವು ಅಲ್ ಸದ್ದ್‌ನಲ್ಲಿ ಬೆಳಿಗ್ಗೆ ತಿನ್ನುವ ರವೆ ಇಡ್ಲಿಗೂ ಯುದ್ಧಕ್ಕೂ ನಂಟಿದೆ ಎಂದಾಯಿತು.

ಆ ಎಣ್ಣೆ ಮತ್ತೆ ಹರಿಯದಿದ್ದರೆ ಇಲ್ಲಿ ಈ ರಸ್ತೆಗಳಿಲ್ಲ, ಆಸ್ಪತ್ರೆಗಳಿಲ್ಲ, ನಮಗೆ ನೌಕರಿಯೂ ಇಲ್ಲ. ನಮ್ಮ ಸಂಬಳದ ಚೀಟಿಯ ಹಿಂದೆ ಹಸಿವಿನ ಏಳೆಂಟು ವರ್ಷಗಳಿವೆ ಎಂಬುದನ್ನು ಮಕ್ಕಳಿಗೆ ತಿಳಿಸುವುದು ನಮ್ಮ ಋಣ.

ಕೊನೆಯದಾಗಿ ಒಂದು ಬಿನ್ನಹ. ಆ ದಿನಗಳನ್ನು ಕಂಡವರು ಈಗ ಬಹಳ ವಿರಳ. ನಿಮ್ಮ ಮನೆಯಲ್ಲಿ ಅಂಥ ಅಜ್ಜ ಅಜ್ಜಿಯರಿದ್ದರೆ, ಮುಂದಿನ ಸಲ ಊರಿಗೆ ಫೋನು ಮಾಡಿದಾಗ ಆರೋಗ್ಯ ವಿಚಾರಿಸಿದ ಮೇಲೆ ಇದನ್ನೂ ಕೇಳಿ: ಆಗ ಮನೆಯಲ್ಲಿ ಏನು ಬೇಯುತ್ತಿತ್ತು? ಸೀಮೆಎಣ್ಣೆ ಸಿಗುತ್ತಿತ್ತೇ? ಸೈನ್ಯಕ್ಕೆ ಯಾರು ಹೋಗಿದ್ದರು, ಎಷ್ಟು ಮಂದಿ ಮರಳಿದರು? ಇಲ್ಲಿನ ಹಿರಿಯರ ಪರಿಚಯವಿರುವವರು ಅವರನ್ನೂ ಕೇಳಬಹುದು. ಹೇಳಿದ್ದನ್ನು ಹೇಳಿದಂತೆಯೇ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಈ ಪುಟವನ್ನು ಅವರಿಗೇ ಬಿಟ್ಟುಕೊಡುತ್ತೇವೆ.