ಘಾಟಿಯೂ ಗಾಲಿಯೂ

ದೂರದ ಬೆಟ್ಟ ನುಣ್ಣಗೆ ಎಂಬ ಮಾತಿನ ಸತ್ಯವನ್ನು ಬೈಸಿಕಲ್ಲಿನ ಸವಾರನಷ್ಟು ಚೆನ್ನಾಗಿ ಬಲ್ಲವರು ವಿರಳ. ಮೋಟಾರಿನಲ್ಲಿ ಕುಳಿತವನಿಗೆ ಏರು ಎಂದರೆ ಎಂಜಿನ್ನಿನ ಸದ್ದಿನಲ್ಲಾಗುವ ಒಂದಿಷ್ಟು ವ್ಯತ್ಯಾಸ. ನಡೆದು ಹೋಗುವವನಿಗೆ ತುಸು ನಿಧಾನವಾಗುವ ಹೆಜ್ಜೆ. ಸೈಕಲ್ಲಿನವನಿಗಾದರೋ ರಸ್ತೆಯ ಒಂದೊಂದು ಮಾರೂ ಮೊಣಕಾಲಿನಲ್ಲಿ ಲೆಕ್ಕವಾಗುತ್ತದೆ. ಇಂಥ ಏರಿನಲ್ಲಿ ಯಂತ್ರದ ನೆರವು ಪಡೆಯುವುದು ಪೌರುಷಕ್ಕೆ ಕುಂದೇ ಎಂಬ ಪ್ರಶ್ನೆಯೊಂದು ಫ್ರಾನ್ಸ್ ದೇಶದಲ್ಲಿ ಹಿಂದೆ ಬಹುಕಾಲ ಚರ್ಚೆಗೆ ಒಳಗಾಗಿತ್ತು. ಆ ಚರ್ಚೆಯ ಮುಖ್ಯ ಸಾಕ್ಷಿ ಒಂದು ಬೆಟ್ಟದ ದಾರಿ.

ಫ್ರಾನ್ಸಿಗೂ ಸ್ಪೇನಿಗೂ ನಡುವೆ ಗೋಡೆಯಂತೆ ನಿಂತಿರುವ ಪಿರನೀಸ್ ಪರ್ವತಶ್ರೇಣಿಯಲ್ಲಿ, ಫ್ರಾನ್ಸಿನ ಕಡೆಗೆ, ಟೂರ್ಮಲೆ ಎಂಬ ಘಾಟಿಯೊಂದುಂಟು. ಅದರ ಎತ್ತರ 2,115 ಮೀಟರು. ಪೂರ್ವದ ತಪ್ಪಲಿನಲ್ಲಿ, ಅದೂರ್ ನದಿಯ ಮೇಲ್ಕಣಿವೆಯಲ್ಲಿ, ಸೇಂಟ್ ಮಾರಿ ದ ಕಾಂಪಾಂ ಎಂಬ ಹಳ್ಳಿಯಿದೆ. ಅಲ್ಲಿಂದ ಹೊರಟ ರಸ್ತೆ ಮೊದಲು ಹುಲ್ಲುಗಾವಲುಗಳ ನಡುವೆ ಹೊಳೆಯ ಸಂಗಡ ಸಾಗುತ್ತದೆ. ಆಮೇಲೆ ಕಾಡನ್ನು ಹೊಗುತ್ತದೆ. ಕಾಡು ಮುಗಿದ ಮೇಲೆ ಉಳಿಯುವುದು ಬಂಡೆ, ಹುಲ್ಲು ಮತ್ತು ಗಾಳಿ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತದೆ.

ಹಳ್ಳಿಯಿಂದ ನೆತ್ತಿಗೆ ಸುಮಾರು 17 ಕಿಲೋಮೀಟರು. ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಏಳು ಅಡಿಗೂ ಹೆಚ್ಚು ಮೇಲೇರಬೇಕು. ಸವಾರನೂ ಸೈಕಲ್ಲೂ ಕೂಡಿ 85 ಕಿಲೋ ತೂಗುತ್ತಾರೆ ಎಂದಿಟ್ಟುಕೊಂಡರೆ, ಅಷ್ಟು ಭಾರವನ್ನು ಸುಮಾರು 1,250 ಮೀಟರು ಎತ್ತಿದಂತಾಯಿತು. ದೆಹಲಿಯ ಕುತುಬ್ ಮಿನಾರನ್ನು ಒಂದರ ಮೇಲೊಂದರಂತೆ ಹದಿನೇಳು ಸಲ ನಿಲ್ಲಿಸಿದರೆ ಆಗುವ ಎತ್ತರವದು.

ಈ ದಾರಿಯಲ್ಲಿ ಪಂದ್ಯ ನಡೆಸಬಹುದೆಂಬ ಯೋಚನೆ ಹುಟ್ಟಿದ್ದು ಒಂದು ಪತ್ರಿಕೆಯ ಕಚೇರಿಯಲ್ಲಿ. ‘ಲೋತೊ’ ಎಂಬ ಕ್ರೀಡಾಪತ್ರಿಕೆ ತನ್ನ ಪ್ರಸಾರ ಹೆಚ್ಚಿಸಿಕೊಳ್ಳುವ ಉದ್ದೇಶದಿಂದ 1903ರಲ್ಲಿ ‘ತೂರ್ ದ ಫ್ರಾನ್ಸ್’ ಎಂಬ ಸೈಕಲ್ ಪಂದ್ಯವನ್ನು ಆರಂಭಿಸಿತು. ಅದರ ಸಂಪಾದಕ ಆಂರಿ ದೆಗ್ರಾಂಜ್ ಸ್ವತಃ ನುರಿತ ಸವಾರ. 1893ರಲ್ಲಿ ಒಂದು ಗಂಟೆಯಲ್ಲಿ 35 ಕಿಲೋಮೀಟರಿಗೂ ಹೆಚ್ಚು ದೂರ ತುಳಿದು ದಾಖಲೆ ಸ್ಥಾಪಿಸಿದ್ದವನು. ಅವನ ಸಹೋದ್ಯೋಗಿ ಅಲ್ಫೋನ್ಸ್ ಸ್ಟೈನೆಸ್ ಪಿರನೀಸ್ ಘಾಟಿಗಳನ್ನು ಪಂದ್ಯಕ್ಕೆ ಸೇರಿಸಬೇಕೆಂದು ಹಟ ಹಿಡಿದ. ಪರೀಕ್ಷೆಗೆಂದು ಹೋದ ಅವನ ಮೋಟಾರು ಟೂರ್ಮಲೆಯ ಹಿಮದಲ್ಲಿ ಸಿಕ್ಕಿಕೊಂಡಿತು. ಕತ್ತಲೆಯಲ್ಲಿ ಕಾಲ್ನಡೆಯಾಗಿ ಘಾಟಿ ದಾಟಿ, ಅರೆಜೀವವಾಗಿ ಕೆಳಗಿಳಿದ. ಆ ಮೇಲೆ ಅವನು ಕಳುಹಿಸಿದ ತಂತಿಯಲ್ಲಿದ್ದ ಸುದ್ದಿಯಾದರೋ, ರಸ್ತೆ ಬಹಳ ಚೆನ್ನಾಗಿದೆ ಎಂಬುದು! ಪತ್ರಿಕೋದ್ಯಮದ ಇತಿಹಾಸದಲ್ಲಿ ಇಷ್ಟು ಪರಿಣಾಮ ಬೀರಿದ ಸುಳ್ಳುಗಳು ಹೆಚ್ಚಿಲ್ಲ.

1910ರ ಜುಲೈ 21ರಂದು ಸವಾರರು ಲೂಷೋಂ ಪಟ್ಟಣದಿಂದ ಬಯೋನ್ ಪಟ್ಟಣಕ್ಕೆ 326 ಕಿಲೋಮೀಟರುಗಳ ದಾರಿ ಹಿಡಿದರು. ನಡುವೆ ಪೇರೆಸೂರ್ಡ್, ಆಸ್ಪೆಂ, ಟೂರ್ಮಲೆ, ಓಬಿಸ್ಕ್ ಎಂಬ ನಾಲ್ಕು ದೊಡ್ಡ ಘಾಟಿಗಳು. ಟೂರ್ಮಲೆಯ ನೆತ್ತಿಯನ್ನು ಮೊದಲು ತಲುಪಿದವನು ಆಕ್ಟಾವ್ ಲಾಪೀಜ್. ಅವನು ಅಲ್ಲಲ್ಲಿ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆದಿದ್ದ. ಕಾಲು ನೆಲಕ್ಕೆ ತಾಗಿಸದೆ ಏರಿದ ಗುಸ್ತಾವ್ ಗಾರಿಗುವಿಗೆ ನೂರು ಫ್ರಾಂಕಿನ ಬಹುಮಾನ ದೊರೆಯಿತು. ಆದರೆ ಮುಂದಿದ್ದವನು ನಡೆದವನೇ. ಓಬಿಸ್ಕ್ ಘಾಟಿಯ ಬಳಿ ಪಂದ್ಯದ ಅಧಿಕಾರಿಗಳನ್ನು ಕಂಡ ಲಾಪೀಜ್ ಅವರನ್ನು ಕೊಲೆಗಡುಕರೆಂದು ಜರೆದ. ಜರೆದವನೇ ಅಂದಿನ ಹಂತವನ್ನೂ ಆ ವರ್ಷದ ಪಂದ್ಯವನ್ನೂ ಗೆದ್ದ. ಏಳು ವರ್ಷಗಳ ತರುವಾಯ, 1917ರ ಜುಲೈ 14ರಂದು, ಮಹಾಯುದ್ಧದಲ್ಲಿ ವಿಮಾನ ಚಾಲಕನಾಗಿ ಮಡಿದ.

ದೆಗ್ರಾಂಜನ ಸಿದ್ಧಾಂತ ಸರಳ. ಪಂದ್ಯವೆಂದರೆ ಒಬ್ಬ ಮನುಷ್ಯನ ಬಲಕ್ಕೂ ಬೆಟ್ಟಕ್ಕೂ ನಡೆಯುವ ಹೋರಾಟ. ಅಲ್ಲಿ ಮೂರನೆಯವರಿಗೆ ಎಡೆಯಿಲ್ಲ. ಹೊರಗಿನವರ ಕೈ ಸೋಕಕೂಡದು. ಓಡುತ್ತಿರುವ ಗಾಡಿಯಲ್ಲೇ ಗೇರು ಬದಲಿಸುವ ಸಾಧನವೂ ಕೂಡದು. ಅದು ವಯಸ್ಸಾದವರಿಗೆ ಎಂಬುದು ಅವನ ನಿಲುವು.

ಇದಕ್ಕೆ ತದ್ವಿರುದ್ಧವಾಗಿ ಚಿಂತಿಸಿದವನು ದೇಶದ ಇನ್ನೊಂದು ಭಾಗದಲ್ಲಿದ್ದ. ರೋನ್ ನದಿಯ ಪಶ್ಚಿಮಕ್ಕಿರುವ ಸೇಂಟ್ ಎತಿಯೆನ್ ನಗರದಲ್ಲಿ ರೇಷ್ಮೆ ವ್ಯಾಪಾರ ಮಾಡುತ್ತಿದ್ದ ಪೋಲ್ ದ ವಿವಿ ಅವನ ಹೆಸರು. ‘ವೆಲೋಸಿಯೊ’ ಎಂಬ ಕಾವ್ಯನಾಮದಿಂದಲೇ ಪ್ರಸಿದ್ಧ. 1887ರಲ್ಲಿ ಸೈಕಲ್ಲಿಗೆಂದೇ ಒಂದು ಪತ್ರಿಕೆಯನ್ನು ಹುಟ್ಟುಹಾಕಿ, ಕಡೆಗೆ ವ್ಯಾಪಾರವನ್ನೇ ಬಿಟ್ಟು ಗಾಲಿಗೆ ತನ್ನನ್ನು ಒಪ್ಪಿಸಿಕೊಂಡ. ಊರಿನ ಹೊರಗೆ 1,161 ಮೀಟರು ಎತ್ತರದ ರಿಪಬ್ಲಿಕ್ ಘಾಟಿಯಿದೆ. ಒಮ್ಮೆ ಅವನು ಅದನ್ನು ಏದುಸಿರು ಬಿಡುತ್ತ ಏರುತ್ತಿದ್ದಾಗ, ಯುವಕನೊಬ್ಬ ಪೈಪು ಸೇದುತ್ತ ಅವನನ್ನು ದಾಟಿಹೋದನಂತೆ. ಏರಿಗೆ ಬೇರೆ ಗೇರು ಬೇಕೆಂಬ ಆಲೋಚನೆ ಅಲ್ಲಿಂದ ಮೊಳೆಯಿತೆಂಬ ಕಥೆಯುಂಟು. ಕಥೆ ಹೇಗಾದರೂ ಇರಲಿ, ಮುಂದಿನ ನಲವತ್ತು ವರ್ಷ ಆ ದಾರಿಯೇ ಅವನ ಪ್ರಯೋಗಶಾಲೆಯಾಯಿತು.

ಗೇರು ಮಾಡುವ ಕೆಲಸವೇನು? ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲು, ಹಿಂದಿನ ಗಾಲಿಯ ಚಕ್ರಕ್ಕೆ 22 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಗಾಲಿ ಎರಡು ಸುತ್ತು ತಿರುಗುತ್ತದೆ. ಗಾಡಿ ನಾಲ್ಕು ಮೀಟರಿಗೆ ಮಿಕ್ಕಿ ಮುಂದಕ್ಕೆ ಹೋಗುತ್ತದೆ. ಟೂರ್ಮಲೆಯಂಥ ಏರಿನಲ್ಲಿ ಇದರ ಅರ್ಥ, ಪ್ರತಿ ಸುತ್ತಿಗೆ 31 ಸೆಂಟಿಮೀಟರು ಮೇಲೇರಬೇಕೆಂದು. ಚೈನನ್ನು ಹಿಂದಿನ ದೊಡ್ಡ ಚಕ್ರಕ್ಕೆ ಸರಿಸಿ ಎರಡೂ ಕಡೆಯ ಹಲ್ಲುಗಳು ಸಮವಾದರೆ ಏರುವುದು ಅದರರ್ಧ ಮಾತ್ರ. ಆದರೆ ನಾಲ್ಕು ಸಾವಿರ ಸುತ್ತು ತುಳಿಯುವಲ್ಲಿ ಎಂಟು ಸಾವಿರ ಸುತ್ತು ತುಳಿಯಬೇಕು. ಎತ್ತುವ ಭಾರ ಒಂದು ತೊಲವೂ ಕಡಿಮೆಯಾಗುವುದಿಲ್ಲ. ಬೆಟ್ಟ ಒಂದು ಗೇಣೂ ತಗ್ಗುವುದಿಲ್ಲ. ಮೆಟ್ಟಿಲು ಮಾತ್ರ ಗಿಡ್ಡವಾಗುತ್ತದೆ. ದೇವಸ್ಥಾನದ ಬೆಟ್ಟಕ್ಕೆ ಎತ್ತರದ ಮೆಟ್ಟಿಲು ಕಟ್ಟಿಸಿದರೆ ತರುಣರಷ್ಟೇ ಹತ್ತಿಯಾರು. ಗಿಡ್ಡ ಮೆಟ್ಟಿಲು ಕಟ್ಟಿಸಿದರೆ ಅಜ್ಜಿಯೂ ದರ್ಶನ ಪಡೆದಾಳು. ಅಜ್ಜಿ ಏರಿದ ಬೆಟ್ಟವೂ ಅದೇ ಅಲ್ಲವೇ?

1902ರಲ್ಲಿಯೇ ಇದರ ಪರೀಕ್ಷೆ ನಡೆದಿತ್ತು. ಪ್ರವಾಸದ ಸೈಕಲ್ಲುಗಳಿಗಾಗಿ ಫ್ರಾನ್ಸಿನ ಟೂರಿಂಗ್ ಕ್ಲಬ್ ಏರ್ಪಡಿಸಿದ ಸ್ಪರ್ಧೆಯ ದಾರಿ ಟೂರ್ಮಲೆಯ ಮೇಲೆ ಹಾದುಹೋಗಿತ್ತು. ಮಾರ್ಥ್ ಹೆಸ್ ಎಂಬ ಮಹಿಳೆ ಗೇರುಳ್ಳ ಸೈಕಲ್ಲಿನಲ್ಲಿ ಆ ದಾರಿಯನ್ನು ಕ್ರಮಿಸಿದಳು. ಈ ಬಗೆಯ ಪ್ರಮಾಣಗಳು ದೆಗ್ರಾಂಜನ ಮನಸ್ಸನ್ನು ಕರಗಿಸಲಿಲ್ಲ.

ಅವನ ನಿಯಮದ ಕಾಠಿಣ್ಯವೆಷ್ಟೆಂಬುದು 1913ರಲ್ಲಿ ಪ್ರಕಟವಾಯಿತು. ಆ ವರ್ಷ ಗೆಲ್ಲುವ ಭರವಸೆಯುಳ್ಳವರಲ್ಲಿ ಒಬ್ಬನಾಗಿದ್ದ ಯುಜೀನ್ ಕ್ರಿಸ್ತೋಫ್ ಟೂರ್ಮಲೆಯಿಂದ ಇಳಿಯುತ್ತಿದ್ದಾಗ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಬೇರೆ ಗಾಡಿ ತೆಗೆದುಕೊಳ್ಳುವಂತಿಲ್ಲ. ಮುರಿದದ್ದನ್ನು ಹೆಗಲ ಮೇಲೆ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಸೇಂಟ್ ಮಾರಿ ದ ಕಾಂಪಾಂ ಹಳ್ಳಿಯನ್ನು ಸೇರಿದ. ದಾರಿಯುದ್ದಕ್ಕೂ ಉಳಿದವರು ಅವನನ್ನು ದಾಟಿ ಹೋಗುತ್ತಿದ್ದರು. ಹಳ್ಳಿಯಲ್ಲಿ ಕಮ್ಮಾರನ ಕುಲುಮೆಯೊಂದಿತ್ತು. ಕೆಲಸ ಬಲ್ಲ ಕಮ್ಮಾರ ಪಕ್ಕದಲ್ಲಿದ್ದರೂ ಅವನು ಸುತ್ತಿಗೆ ಮುಟ್ಟುವಂತಿಲ್ಲ. ನಿಯಮವನ್ನು ಕಾಯಲು ಅಧಿಕಾರಿಗಳು ಎದುರಿಗೇ ನಿಂತಿದ್ದರು. ಅದೃಷ್ಟಕ್ಕೆ ಕ್ರಿಸ್ತೋಫ್ ಎಳೆಯ ವಯಸ್ಸಿನಲ್ಲಿ ಬೀಗ ಮಾಡುವ ಕಸುಬು ಕಲಿತಿದ್ದವನು. ಕಬ್ಬಿಣ ಕಾಯಿಸಿ, ಬಡಿದು, ಬೆಸೆದು ಗಂಟೆಗಟ್ಟಲೆ ದುಡಿದು ಫೋರ್ಕನ್ನು ತಾನೇ ಸರಿಪಡಿಸಿದ. ಒಂದು ಕೈಯಲ್ಲಿ ಇಕ್ಕುಳ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದವನಿಗೆ ತಿದಿಯೊತ್ತಲು ಮೂರನೆಯ ಕೈಯೆಲ್ಲಿಂದ ಬರಬೇಕು? ಹುಡುಗನೊಬ್ಬ ತಿದಿಯೊತ್ತಿದ. ಅದು ಹೊರಗಿನ ಸಹಾಯವೆಂದು ಹತ್ತು ನಿಮಿಷದ ದಂಡ ಬಿತ್ತು. ಅನಂತರ ಮೂರು ನಿಮಿಷಕ್ಕೆ ಇಳಿಯಿತು. ಕ್ರಿಸ್ತೋಫ್ ಮತ್ತೆ ಗಾಡಿಯೇರಿ ಮುಂದಿನ ಘಾಟಿಗಳನ್ನು ದಾಟಿ ಗುರಿ ಮುಟ್ಟಿದ. ಪ್ಯಾರಿಸ್ಸಿನಲ್ಲಿ ಅವನ ಸ್ಥಾನ ಏಳನೆಯದು. 1919ರಲ್ಲಿ ಮುಂದಾಳುವಿನ ಹಳದಿ ಅಂಗಿಯನ್ನು ಮೊಟ್ಟಮೊದಲು ತೊಟ್ಟವನೂ ಅವನೇ. ವಿಧಿಯ ವಿನೋದವೋ ಎಂಬಂತೆ ಆ ವರ್ಷವೂ ಫೋರ್ಕು ಮುರಿದು ಗೆಲುವು ಕೈತಪ್ಪಿತು.

ದೆಗ್ರಾಂಜನನ್ನು ಕೇವಲ ನಿರ್ದಯನೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಕಷ್ಟವೇ ಇಲ್ಲದ ಪಂದ್ಯವನ್ನು ನೋಡುವವರು ಯಾರು? ನೆರವಿಗೆ ಎಲ್ಲೆಯೇ ಇಲ್ಲದಿದ್ದರೆ ಗೆದ್ದದ್ದು ಸವಾರನೋ ಅವನ ಸಾಹುಕಾರನೋ ತಿಳಿಯದು. ಅವನ ದೋಷವಿದ್ದುದು ಎರಡು ಬಗೆಯ ನೆರವನ್ನು ಒಂದೇ ಎಂದು ಎಣಿಸಿದ್ದರಲ್ಲಿ. ಮನುಷ್ಯನ ಬದಲು ತಾನೇ ದುಡಿಯುವ ನೆರವು ಒಂದು. ಮನುಷ್ಯನ ದುಡಿಮೆ ವ್ಯರ್ಥವಾಗದಂತೆ ನೋಡಿಕೊಳ್ಳುವ ನೆರವು ಮತ್ತೊಂದು. ತಿದಿಯೊತ್ತಿದ ಹುಡುಗ ಕ್ರಿಸ್ತೋಫನ ಬದಲು ಬೆಟ್ಟ ಏರಲಿಲ್ಲ. ಬೆಂಕಿ ಆರದಂತೆ ನೋಡಿಕೊಂಡನು, ಅಷ್ಟೆ.

ಗೇರಿನ ನಿಷೇಧ ಪಂದ್ಯದಲ್ಲಿ ಬಹುಕಾಲ ಉಳಿಯಿತು. ಹಿಂದಿನ ಗಾಲಿಯ ಎರಡು ಪಕ್ಕಕ್ಕೂ ಬೇರೆ ಬೇರೆ ಹಲ್ಲುಚಕ್ರ ಜೋಡಿಸಿಕೊಂಡು, ಏರು ಬಂದೊಡನೆ ಇಳಿದು, ಗಾಲಿ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳುವುದೇ ಸವಾರರಿಗೆ ಉಳಿದ ಉಪಾಯವಾಗಿತ್ತು. ವೆಲೋಸಿಯೊ 1930ರಲ್ಲಿ ತೀರಿಕೊಂಡ. ದೆಗ್ರಾಂಜ್ ಅನಾರೋಗ್ಯದಿಂದ ಪಂದ್ಯದ ಹೊಣೆಯನ್ನು ಬಿಟ್ಟ ಮೇಲೆ, 1937ರಲ್ಲಿ, ಗೇರು ಬದಲಿಸುವ ಸಾಧನಕ್ಕೆ ಅನುಮತಿ ದೊರೆಯಿತು. ಟೂರ್ಮಲೆ ಅದರಿಂದ ಸಣ್ಣದಾಗಲಿಲ್ಲ. ಸವಾರರು ಇನ್ನೂ ವೇಗವಾಗಿ ಏರತೊಡಗಿದರು, ಇನ್ನೂ ವೇಗವಾಗಿ ಬಳಲತೊಡಗಿದರು. ಪಂದ್ಯದ ಆಕರ್ಷಣೆಗೆ ಯಾವ ಕುಂದೂ ಬರಲಿಲ್ಲ. ಮಾರ್ಥ್ ಹೆಸ್ ಹಾದುಹೋದ ಆ ಘಾಟಿಯ ನೆತ್ತಿಯಲ್ಲಿ 2023ರ ಜುಲೈ 29ರಂದು ಮಹಿಳೆಯರ ತೂರ್ ದ ಫ್ರಾನ್ಸಿನ ಒಂದು ಹಂತ ಕೊನೆಗೊಂಡಿತು. ಹಾಲೆಂಡಿನ ಡೆಮಿ ವೊಲ್ಲೆರಿಂಗ್ ಅದನ್ನು ಗೆದ್ದಳು.

ಆಲ್ಪ್ಸ್ ಪರ್ವತದ ಗಾಲಿಬಿಯೆ ಘಾಟಿಯ ಬಳಿ ದೆಗ್ರಾಂಜನ ಸ್ಮಾರಕವಿದೆ. ರಿಪಬ್ಲಿಕ್ ಘಾಟಿಯಲ್ಲಿ ವೆಲೋಸಿಯೊನ ಸ್ಮಾರಕವಿದೆ. ಎರಡರ ಮುಂದೆಯೂ ಹಾದುಹೋಗುವ ಸವಾರರ ಹಿಂದಿನ ಗಾಲಿಯಲ್ಲಿ ಈಗ ಹನ್ನೊಂದೋ ಹನ್ನೆರಡೋ ಹಲ್ಲುಚಕ್ರಗಳು. ಸೇಂಟ್ ಮಾರಿ ದ ಕಾಂಪಾಂನಲ್ಲಿ ಕುಲುಮೆಯಿದ್ದ ತಾಣದಲ್ಲಿ ಕ್ರಿಸ್ತೋಫನ ನೆನಪಿಗೆ ಫಲಕವೊಂದನ್ನು ನೆಟ್ಟಿದ್ದಾರೆ. ಬೇಸಿಗೆಯಲ್ಲಿ ಅಲ್ಲಿಗೆ ಬರುವವರಲ್ಲಿ ತರುಣರೂ ಉಂಟು, ತಲೆ ನರೆತವರೂ ಉಂಟು. ಫಲಕವನ್ನು ಓದಿ, ನೀರು ಕುಡಿದು, ಚೈನನ್ನು ದೊಡ್ಡ ಚಕ್ರಕ್ಕೆ ಸರಿಸಿ, ಹದಿನೇಳು ಕಿಲೋಮೀಟರಿನ ಏರಿಗೆ ಒಬ್ಬೊಬ್ಬರಾಗಿ ಹೊರಡುತ್ತಾರೆ.