ಎರಡನೆಯ ಏಟಿಗೆ ಊದುವ ಸೀಟಿ

ಬ್ಯಾಸ್ಕೆಟ್‌ಬಾಲ್ ರೆಫರಿಗಳ ಬಾಯಲ್ಲಿ, ಅವರನ್ನು ಸಮರ್ಥಿಸುವ ದೈಹಿಕ ಶಿಕ್ಷಕರ ಬಾಯಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: ‘ಆಡೋಕೆ ಬಿಡಬೇಕು ಮೇಡಂ, ಎಲ್ಲದಕ್ಕೂ ಸೀಟಿ ಊದಿದ್ರೆ ಆಟ ಕೆಡುತ್ತೆ.’ ಕೇಳಲು ಎಷ್ಟು ಉದಾರವಾದ ಮಾತು! ಯಾರನ್ನು ಆಡಲು ಬಿಡುವುದು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಚೆಂಡು ಹಿಡಿದು ಬುಟ್ಟಿಯ ಕಡೆಗೆ ನುಗ್ಗುವವಳನ್ನೋ, ಹಿಂದಿನಿಂದ ಅವಳ ಅಂಗಿ ಹಿಡಿದು ಜಗ್ಗುವವಳನ್ನೋ? ಇಬ್ಬರನ್ನೂ ಒಟ್ಟಿಗೆ ಆಡಲು ಬಿಡುವುದು ಆಗದ ಮಾತು. ಒಬ್ಬಳನ್ನು ಬಿಟ್ಟರೆ ಇನ್ನೊಬ್ಬಳ ಆಟ ನಿಂತಿತು ಎಂದೇ ಅರ್ಥ.

ಹೆಣ್ಣುಮಕ್ಕಳ ತಂಡ ಪರ ಊರಿಗೆ ಹೊರಟರೆ ಜೊತೆಗೊಬ್ಬ ಶಿಕ್ಷಕಿ ಇರಬೇಕಲ್ಲ, ಆ ನೆಪದಲ್ಲಿ ಕನ್ನಡ ಪಾಠ ಮಾಡುವ ನಾನು ಇಪ್ಪತ್ತು ವರ್ಷಗಳಿಂದ ಗೆರೆಯಾಚೆ ನೀರಿನ ಬಾಟಲಿ, ಟವೆಲು ಇಟ್ಟುಕೊಂಡು ಕೂತಿದ್ದೇನೆ. ರೆಫರಿ ಚೆಂಡಿನ ಹಿಂದೆ ಓಡುತ್ತಾನೆ. ಸುಮ್ಮನೆ ಕೂತವಳಿಗೆ ಚೆಂಡಿಲ್ಲದ ಕಡೆ ನಡೆಯುವುದೂ ಕಾಣುತ್ತದೆ. ಬುಟ್ಟಿಯ ಕೆಳಗೆ ಜಾಗ ಹಿಡಿದು ನಿಂತವಳ ಪಕ್ಕೆಗೆ ಒತ್ತುವ ಮೊಣಕೈ, ನೆಗೆಯುವ ಕ್ಷಣಕ್ಕೆ ಸರಿಯಾಗಿ ಬಂದು ಹಿಡಿಯುವ ಮುಂಗೈ, ಆಕಸ್ಮಿಕವಾಗಿ ತಾಗಿದಂತೆ ಕೊಡುವ ಸೊಂಟದ ಪೆಟ್ಟು. ಇವನ್ನೆಲ್ಲ ಯಾವ ಶಾಲೆಯಲ್ಲಿ ಕಲಿಸುತ್ತಾರೋ ತಿಳಿಯದು, ಪಾಠಕ್ಕಿಂತ ಬೇಗ ಕಲಿತುಬಿಡುತ್ತವೆ ಮಕ್ಕಳು.

ದೂರು ಆಟದ ಮೇಲಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕ ಈ ಆಟವನ್ನು ಕಟ್ಟಿದ್ದೇ ಚಳಿಗಾಲದಲ್ಲಿ ಒಳಾಂಗಣದಲ್ಲಿ ಏಟುಪೆಟ್ಟಿಲ್ಲದೆ ಆಡಲು ಒಂದು ಆಟ ಬೇಕೆಂದು. ಆತ ಬರೆದ ಹದಿಮೂರು ನಿಯಮಗಳಲ್ಲಿ ಐದನೆಯದು ಹೇಳುವುದಿಷ್ಟು: ಭುಜದಿಂದ ಗುದ್ದಬಾರದು, ಹಿಡಿಯಬಾರದು, ತಳ್ಳಬಾರದು, ಕಾಲು ಕೊಟ್ಟು ಬೀಳಿಸಬಾರದು, ಹೊಡೆಯಬಾರದು. ಎರಡನೆಯ ಸಲ ಹಾಗೆ ಮಾಡಿದರೆ ಮುಂದಿನ ಗೋಲು ಆಗುವವರೆಗೆ ಹೊರಗೆ. ಗಾಯ ಮಾಡುವ ಉದ್ದೇಶವೇ ಎದ್ದು ಕಂಡರೆ ಇಡೀ ಪಂದ್ಯಕ್ಕೆ ಹೊರಗೆ, ಅವರ ಬದಲಿಗೆ ಇನ್ನೊಬ್ಬರೂ ಇಲ್ಲ. ಮೇಷ್ಟ್ರ ಬುದ್ಧಿ ನೋಡಿ!

ಇಂದಿನ ಅಂತರರಾಷ್ಟ್ರೀಯ ನಿಯಮ ಸ್ವಲ್ಪ ಸಡಿಲ. ಇಪ್ಪತ್ತೆಂಟು ಮೀಟರ್ ಉದ್ದ, ಹದಿನೈದು ಮೀಟರ್ ಅಗಲದ ಅಂಕಣದಲ್ಲಿ ಹತ್ತು ಜನ ವೇಗವಾಗಿ ಓಡುವಾಗ ಮೈ ತಾಗುವುದು ತಪ್ಪದು ಎಂದು ಅದೇ ಒಪ್ಪಿಕೊಂಡಿದೆ. ತಾಗಿದ್ದರಿಂದ ಯಾರಿಗಾದರೂ ಅನ್ಯಾಯದ ಲಾಭವಾಯಿತೇ ಎಂದು ರೆಫರಿ ತೂಗಿ ನೋಡಬೇಕು. ನ್ಯಾಯವಾದ ಮಾತೇ. ಆದರೆ ನಮ್ಮ ರೆಫರಿಗಳು ತೂಗುವುದು ಒಂದೊಂದನ್ನೇ ಬಿಡಿಯಾಗಿ. ಮೊದಲ ಮೊಣಕೈಯಿಂದ ಏನೂ ನಷ್ಟವಾಗಲಿಲ್ಲ, ಬಿಡಿ. ಎರಡನೆಯದರಿಂದಲೂ ಇಲ್ಲ, ಬಿಡಿ. ಹತ್ತನ್ನೂ ಕೂಡಿಸಿದರೆ ಎಷ್ಟಾಯಿತು ಎಂಬ ಲೆಕ್ಕ ಅವರ ಬಳಿ ಇರುವುದಿಲ್ಲ. ಅದು ಇರುವುದು ಹುಡುಗಿಯ ಪಕ್ಕೆಯಲ್ಲಿ. ಹನ್ನೊಂದನೆಯದಕ್ಕೆ ಅವಳು ತಿರುಗಿ ಎರಡೂ ಕೈಯಿಂದ ತಳ್ಳುತ್ತಾಳೆ. ಅದು ಮಾತ್ರ ಎಲ್ಲರಿಗೂ ಕಾಣುತ್ತದೆ, ರೆಫರಿಗೂ. ಸೀಟಿ! ಕ್ರೀಡಾಮನೋಭಾವಕ್ಕೆ ವಿರುದ್ಧವಾದ ಫೌಲು, ಎದುರಾಳಿಗೆ ಎರಡು ಫ್ರೀ ಥ್ರೋ, ಮೇಲೆ ಚೆಂಡೂ ಅವರಿಗೇ.

ತರಗತಿ ನಡೆಸಿದವರಿಗೆ ಈ ದೃಶ್ಯ ಹೊಸದಲ್ಲ. ಹಿಂದಿನ ಬೆಂಚಿನವನು ಕೈವಾರದ ಮೊನೆಯಿಂದ ಚುಚ್ಚುತ್ತಾನೆ, ಮುಂದಿನವನು ಚೀರುತ್ತಾನೆ. ಚೀರಿದವನನ್ನು ಹೊರಗೆ ನಿಲ್ಲಿಸುವುದು ಸುಲಭ, ಏಕೆಂದರೆ ಸದ್ದು ಬಂದಿದ್ದು ಅವನಿಂದ.

ವಿಡಿಯೊ ಇಲ್ಲದ ನಮ್ಮ ಸಣ್ಣ ಊರಿನ ಪಂದ್ಯಗಳ ಕಥೆಯಷ್ಟೇ ಇದು ಎಂದುಕೊಳ್ಳಬೇಡಿ. 2025ರ ಜೂನ್ 17ರಂದು ಇಂಡಿಯಾನಾಪೊಲಿಸ್‌ನಲ್ಲಿ ಇಂಡಿಯಾನಾ ಫೀವರ್ ಮತ್ತು ಕನೆಕ್ಟಿಕಟ್ ಸನ್ ತಂಡಗಳು ಆಡಿದವು. ಅಮೆರಿಕದ ವೃತ್ತಿಪರ ಮಹಿಳಾ ಲೀಗು, ಮೂವರು ರೆಫರಿಗಳು, ತಿರುಗಿ ತಿರುಗಿ ನೋಡಲು ಟೀವಿ ಪರದೆ. ಮೂರನೆಯ ಕ್ವಾರ್ಟರಿನಲ್ಲಿ ಜೇಸಿ ಶೆಲ್ಡನ್ ಅವರ ಕೈ ಕೇಟ್ಲಿನ್ ಕ್ಲಾರ್ಕ್ ಅವರ ಕಣ್ಣಿಗೆ ತಾಗಿತು. ಕ್ಲಾರ್ಕ್ ಅವರನ್ನು ತಳ್ಳಿದರು. ಅಷ್ಟರಲ್ಲಿ ಮರೀನಾ ಮೇಬ್ರಿ ಬಂದು ಕ್ಲಾರ್ಕ್ ಅವರನ್ನು ನೆಲಕ್ಕೆ ಕೆಡವಿದರು. ಪರದೆ ನೋಡಿ ಕೊಟ್ಟ ತೀರ್ಪೇನು? ಶೆಲ್ಡನ್ ಅವರಿಗೆ ಗಂಭೀರ ಫೌಲು, ಸರಿ. ಕೆಡವಿದವರಿಗೆ ಟೆಕ್ನಿಕಲ್ ಫೌಲು, ಕಣ್ಣಿಗೆ ಏಟು ತಿಂದವರಿಗೂ ಟೆಕ್ನಿಕಲ್ ಫೌಲು! ಲೆಕ್ಕ ಸಮವಾಯಿತೆಂದು ಆಟ ಮುಂದುವರಿಯಿತು. ಸಮವಾಗಿರಲಿಲ್ಲ. ಇನ್ನೊಂದು ನಿಮಿಷವೂ ಉಳಿದಿರದಿದ್ದಾಗ ಕ್ಲಾರ್ಕ್ ಅವರ ಜೊತೆಗಾರ್ತಿ ಸೋಫಿ ಕನ್ನಿಂಗ್‌ಹ್ಯಾಮ್, ಬುಟ್ಟಿಗೆ ನೆಗೆಯುತ್ತಿದ್ದ ಶೆಲ್ಡನ್ ಅವರನ್ನು ಹಿಡಿದು ಎಳೆದು ಬೀಳಿಸಿದರು. ಕೈ ಕೈ ಮಿಲಾಯಿಸಿ ಮೂವರು ಆಟಗಾರ್ತಿಯರು ಹೊರಹೋದರು. ಮೊದಲ ಕ್ವಾರ್ಟರಿನಿಂದಲೇ ರೆಫರಿಗಳಿಗೆ ಹೇಳುತ್ತಿದ್ದೆ ಎಂದು ಗೆದ್ದ ತಂಡದ ಕೋಚ್ ಸ್ಟೆಫನಿ ವೈಟ್ ಆಮೇಲೆ ಸಿಡುಕಿದರು. ಮರುದಿನ ಲೀಗು ಮೇಬ್ರಿ ಅವರ ಫೌಲನ್ನು ಅತಿ ಗಂಭೀರ ದರ್ಜೆಗೆ ಏರಿಸಿತು. ಮರುದಿನ ಏರಿಸಿದರೆ ಹಿಂದಿನ ದಿನ ಬಿದ್ದವಳಿಗೆ ಬಂದ ಭಾಗ್ಯವೇನು?

‘ಬಿಗಿಯಾಗಿ ಊದಿದರೆ ಫ್ರೀ ಥ್ರೋ ನೋಡುತ್ತಾ ಕೂರಬೇಕಾಗುತ್ತದೆ’ ಎನ್ನುವವರಿಗೆ ಗಂಡಸರ ಆಟದಿಂದಲೇ ಉತ್ತರ ಕೊಡುತ್ತೇನೆ. ಚೆಂಡು ಹಿಡಿದವನ ಮೈಮೇಲೆ ಕೈಯಿಟ್ಟು ಅವನ ಓಟ ತಡೆಯುವುದನ್ನು ಅಮೆರಿಕದ ಎನ್‌ಬಿಎ 2004-05ರ ಹಂಗಾಮಿನಲ್ಲಿ ಬಿಗಿಯಾಗಿ ಫೌಲು ಎಂದು ಎಣಿಸತೊಡಗಿತು. ಆಟ ಸತ್ತಿತೇ? ಹಿಂದಿನ ಹಂಗಾಮಿನಲ್ಲಿ ಪಂದ್ಯಕ್ಕೆ ಒಂದು ತಂಡದ ಸರಾಸರಿ ಅಂಕ 93ರ ಆಸುಪಾಸಿನಲ್ಲಿತ್ತು, ಆ ವರ್ಷ 97ಕ್ಕೆ ಏರಿತು. ಓಡಬಲ್ಲವರು ಓಡಿದರು, ಅಷ್ಟೇ. ಆಟಗಾರರು ದಡ್ಡರಲ್ಲ. ಮೊದಲ ಐದು ನಿಮಿಷದಲ್ಲಿ ಯಾವುದಕ್ಕೆ ಸೀಟಿ ಬೀಳುತ್ತದೆ ಎಂದು ನೋಡಿಕೊಂಡು ಕೈ ಎಲ್ಲಿಡಬೇಕೆಂದು ತೀರ್ಮಾನಿಸುತ್ತಾರೆ. ಬೀಳದಿದ್ದರೂ ಅಷ್ಟೇ, ತೀರ್ಮಾನಿಸುತ್ತಾರೆ.

ಇನ್ನು ನನ್ನ ನಿಜವಾದ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಒಮ್ಮೆ ಜಿಲ್ಲಾ ಮಟ್ಟದ ಪಂದ್ಯದಲ್ಲಿ ನಮ್ಮ ಹುಡುಗಿಯ ತುಟಿ ಒಡೆದು ರಕ್ತ ಬಂದಾಗ, ಹೆಸರು ಬೇಡ, ರೆಫರಿಯೊಬ್ಬರು ನಗುತ್ತಾ ಹೇಳಿದರು: ‘ಜಡೆ ಜಗಳ ಬಿಡಿ ಮೇಡಂ, ಸಂಜೆ ಸರಿಹೋಗ್ತಾರೆ.’ ಅದೇ ಮನುಷ್ಯ ಬೆಳಿಗ್ಗೆ ಹುಡುಗರ ಪಂದ್ಯದಲ್ಲಿ ಇಂಥದೇ ಮೊಣಕೈಗೆ ಮುಲಾಜಿಲ್ಲದೆ ಫೌಲು ಕೊಟ್ಟಿದ್ದರು. ಗಂಡು ಗುದ್ದಿದರೆ ಅಪರಾಧ, ಹೆಣ್ಣು ಗುದ್ದಿದರೆ ತಮಾಷೆ. ಎರಡು ಜಡೆ ಸೇರುವುದಿಲ್ಲವೆಂಬ ಗಾದೆಯನ್ನು ಸೀಟಿಯ ಜೊತೆ ಕೊರಳಿಗೆ ನೇತುಹಾಕಿಕೊಂಡೇ ಬಂದಿರುತ್ತಾರೆ.

ಇದರ ಇನ್ನೊಂದು ಮಗ್ಗುಲೂ ಇದೆ. ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ 1892-93ರಲ್ಲಿ ಹುಡುಗಿಯರಿಗೆ ಈ ಆಟ ಕಲಿಸಿದಾಗ ಒರಟುತನ ಬೇಡವೆಂದು ಅಂಕಣವನ್ನೇ ಮೂರು ಭಾಗ ಮಾಡಿದರು. ತನ್ನ ಭಾಗ ಬಿಟ್ಟು ಓಡುವಂತಿಲ್ಲ, ಕೈಯಿಂದ ಚೆಂಡು ಕಸಿಯುವಂತಿಲ್ಲ. ಆ ಕಾಲಕ್ಕೆ ಆಡಲು ಸಿಕ್ಕಿದ್ದೇ ದೊಡ್ಡದು, ಆಕೆಯನ್ನು ನಾನು ದೂರುವುದಿಲ್ಲ. ಆದರೆ ಅಯೋವಾ ರಾಜ್ಯದ ಹೈಸ್ಕೂಲುಗಳಲ್ಲಿ 1993ರವರೆಗೂ ಹುಡುಗಿಯರು ಅರ್ಧ ಅಂಕಣದಲ್ಲೇ ಆಡುತ್ತಿದ್ದರು! ಗೆರೆ ಎಳೆದು ಕೂಡಿಹಾಕುವುದು, ಇಲ್ಲವೇ ಗೆರೆ ಅಳಿಸಿ ಏನಾದರೂ ಮಾಡಿಕೊಳ್ಳಿ ಎಂದು ನಗುವುದು. ನಡುವೆ ಒಂದು ದಾರಿಯಿದೆ, ಅದು ರೂಲ್ ಬುಕ್ಕಿನಲ್ಲೇ ಇದೆ.

ನಮ್ಮ ಹುಡುಗಿಯರಿಗೆ ಈ ಪುಸ್ತಕದಿಂದಲೇ ಒಂದನ್ನು ಹೇಳಿಕೊಟ್ಟಿದ್ದೇನೆ. ಚೆಂಡು ಆಟದಲ್ಲಿಲ್ಲದೆ ಗಡಿಯಾರ ನಿಂತಿರುವಾಗ ನಾಯಕಿ ರೆಫರಿಯ ಹತ್ತಿರ ಮರ್ಯಾದೆಯಿಂದ ಮಾತನಾಡಬಹುದು. ತಿರುಗಿ ತಳ್ಳಬೇಡ, ಹೋಗಿ ಹೇಳು, ಮೊದಲ ಸಲಕ್ಕೇ ಹೇಳು. ಹೋದ ವರ್ಷ ನಮ್ಮ ನಾಯಕಿ ಹೋಗಿ, ‘ಸರ್, ಹನ್ನೊಂದನೇ ನಂಬರ್ ಅಕ್ಕ ಪ್ರತಿ ಸಲ ಕೈ ಹಿಡಿತಾರೆ, ಸ್ವಲ್ಪ ಆ ಕಡೆ ನೋಡಿ’ ಎಂದಳು. ‘ಆಯ್ತಮ್ಮ, ನೋಡ್ತೀನಿ’ ಎಂದ ಆ ಹುಡುಗ ರೆಫರಿ ನಿಜವಾಗಿಯೂ ನೋಡಿದ. ಮೂರು ನಿಮಿಷದಲ್ಲಿ ಹನ್ನೊಂದನೇ ನಂಬರಿಗೆ ಎರಡು ಫೌಲು ಬಿತ್ತು, ನಮ್ಮವಳಿಗೂ ಒಂದು. ಅಲ್ಲಿಂದ ಮುಂದೆ ಬುಟ್ಟಿಯ ಕೆಳಗೆ ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಆರು ಅಂಕದಿಂದ ನಾವು ಸೋತೆವು. ವಾಪಸು ಬರುವ ಬಸ್ಸಿನಲ್ಲಿ ಒಬ್ಬಳೂ ರೆಫರಿಯನ್ನು ಬೈಯಲಿಲ್ಲ.